ಗುರುದೇವಿ ಬರೆದ ಕನ್ನಡ ಪರೀಕ್ಷೆ

ಕೆಂಗೇರಿ ರೈಲ್ವೆ ಸ್ಟೇಷನ್ನಿನ ಹಿಂದಿದ್ದ ಅಂಧ ಮಕ್ಕಳ ವಸತಿ ಶಾಲೆಗೆ ಕಂಪ್ಯೂಟರುಗಳು ಬಂದದ್ದು ಎರಡು ಸಾವಿರದ ನಾಲ್ಕನೇ ಇಸವಿಯ ಜೂನಿನಲ್ಲಿ. ಕನ್ನಡ ಮೇಷ್ಟ್ರು ಕೊಟ್ರಪ್ಪನವರಿಗೆ ಅದು ಮೊದಲು ಗೊತ್ತಾದದ್ದು ವಾಸನೆಯಿಂದ. ಏಳನೇ ತರಗತಿಯ ಪಾಠ ಮುಗಿಸಿ, ಗೋಡೆಗೆ ಬೆರಳು ತಾಗಿಸಿಕೊಂಡು ವರಾಂಡದಲ್ಲಿ ಬರುತ್ತಿದ್ದಾಗ ಹೊಸ ಪ್ಲಾಸ್ಟಿಕ್ಕಿನ, ಥರ್ಮೋಕೋಲಿನ ವಾಸನೆ ಮೂಗಿಗೆ ಬಡಿಯಿತು. ಇನ್ನೆರಡು ಹೆಜ್ಜೆ ಇಟ್ಟಾಗ ಕಾಲಿಗೆ ಏನೋ ತಗುಲಿ ಮುಗ್ಗರಿಸಿದರು. ಬಗ್ಗಿ ತಡವಿದರು. ದಪ್ಪ ಕಾಗದದ ದೊಡ್ಡ ದೊಡ್ಡ ಪುಸ್ತಕಗಳು, ಹಗ್ಗದಲ್ಲಿ ಬಿಗಿದ ಕಟ್ಟುಗಳು. ಅವರೇ ಇಪ್ಪತ್ತೆರಡು ವರ್ಷ ಕೂತು ತಯಾರಿಸಿದ ಬ್ರೈಲ್ ಪುಸ್ತಕಗಳು.

"ಸಾರಿ ಸಾರ್, ನೋಡ್ಲಿಲ್ಲ" ಎಂದು ಒಂದು ಎಳೆಯ ದನಿ ಓಡಿಬಂದು ಅವರ ತೋಳು ಹಿಡಿಯಿತು. "ನಾನು ಭೈರೇಶ್ ಅಂತ. ಕಂಪ್ಯೂಟರ್ ಹೇಳಿಕೊಡೋಕೆ ಬಂದಿದೀನಿ. ಈ ರೂಮಿಗೆ ಕಂಪ್ಯೂಟರ್ ಹಾಕ್ಬೇಕಂತೆ, ಅದಕ್ಕೆ ಪುಸ್ತಕ ಎಲ್ಲ ಆಚೆ ಇಟ್ಟಿದೀವಿ."

ಆ ಕೋಣೆಯಲ್ಲಿ ಕೊಟ್ರಪ್ಪನವರೂ ಸಹೋದ್ಯೋಗಿ ನೀಲಗಂಗಮ್ಮನವರೂ ಎದುರುಬದುರು ಕೂತು ಕೆಲಸ ಮಾಡುತ್ತಿದ್ದರು. ಕಣ್ಣಿರುವ ನೀಲಗಂಗಮ್ಮ ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದುವುದು, ಕೊಟ್ರಪ್ಪ ಬ್ರೈಲ್ ಯಂತ್ರದ ಆರು ಗುಂಡಿ ಒತ್ತಿ ಅದನ್ನು ಚುಕ್ಕಿಗಳಾಗಿ ಇಳಿಸುವುದು. ಪ್ರತಿವರ್ಷ ಹೀಗೇ ಹತ್ತು ತರಗತಿಗಳ ಪುಸ್ತಕ ಸಿದ್ಧವಾಗುತ್ತಿತ್ತು.

ಕೊಟ್ರಪ್ಪ ಕೊಟ್ಟೂರಿನ ಕಡೆಯವರು. ನಾಲ್ಕನೇ ವಯಸ್ಸಿಗೆ ಸಿಡುಬು ಬಂದು ಎರಡೂ ಕಣ್ಣು ಹೋದವು. ಒಂಬತ್ತಾದಾಗ ಸೋದರಮಾವ ಬೆಂಗಳೂರಿಗೆ ಕರೆತಂದು ಶಾಲೆಗೆ ಸೇರಿಸಿದ. ಅಲ್ಲಿಯವರೆಗೆ ಅವರಿಗೆ ಲೋಕದ ಪ್ರತಿಯೊಂದು ಸಂಗತಿಯೂ ಇನ್ನೊಬ್ಬರು ಹೇಳಿದರೆ ಗೊತ್ತಾಗುತ್ತಿತ್ತು, ಹೇಳದಿದ್ದರೆ ಇಲ್ಲ. ಶಾಲೆಗೆ ಸೇರಿದ ಮೂರನೇ ತಿಂಗಳು ಒಂದು ಹಾಳೆಯ ಮೇಲೆ ಬೆರಳಾಡಿಸಿ 'ಗುಬ್ಬಿ' ಎಂಬ ಮಾತನ್ನು ಓದಿದರು. ಯಾರನ್ನೂ ಕೇಳದೆ ಅವರಿಗೆ ಗೊತ್ತಾದ ಮೊದಲ ಸಂಗತಿ ಅದು. ಐವತ್ತು ದಾಟಿದ ಮೇಲೂ ಆ ದಿನವನ್ನು ನೆನೆದರೆ ತೋರುಬೆರಳ ತುದಿ ಜುಮ್ಮೆನ್ನುತ್ತಿತ್ತು.

ಮಾರನೆಯ ದಿನ ಮಕ್ಕಳನ್ನೆಲ್ಲ ಸೇರಿಸಿ ಭೈರೇಶ ಯಂತ್ರ ಚಾಲೂ ಮಾಡಿದ. ಅದರೊಳಗಿಂದ ಒಂದು ಗಂಡುದನಿ ಇಂಗ್ಲಿಷಿನಲ್ಲಿ ಪಟಪಟನೆ ಮಾತಾಡತೊಡಗಿತು. ಯಾವ ಕೀ ಒತ್ತಿದರೂ ಅದು ಆ ಅಕ್ಷರದ ಹೆಸರು ಹೇಳುತ್ತಿತ್ತು. ಮಕ್ಕಳು ಚಪ್ಪಾಳೆ ಹೊಡೆದು ಕುಣಿದರು. ತಮ್ಮ ಹೆಸರನ್ನು ಅದರ ಬಾಯಲ್ಲಿ ಹೇಳಿಸಲು ನಾ ಮುಂದು ತಾ ಮುಂದು ಎಂದು ನುಗ್ಗಿದರು. 'ನೀಲಾಂಬಿಕಾ' ಎಂಬ ಹೆಸರನ್ನು ಅದು ಎಲ್ಲೆಲ್ಲೋ ಮುರಿದು ಹೇಳಿದಾಗ ನಗು ಸೂರು ಹಾರಿಸಿತು.

"ಕನ್ನಡ ಓದತ್ತೇನಪ್ಪ?" ಎಂದು ಕೊಟ್ರಪ್ಪ ಹಿಂದಿನಿಂದ ಕೇಳಿದರು.

"ಇಲ್ಲ ಸಾರ್. ಕನ್ನಡದಲ್ಲಿ ಟೈಪ್ ಮಾಡ್ಬಹುದು, ಪ್ರಿಂಟೂ ತೆಗೀಬಹುದು. ಆದ್ರೆ ಇದಕ್ಕೆ ಓದಿ ಹೇಳೋಕೆ ಬರಲ್ಲ. ಕನ್ನಡ ಬಂದ್ರೆ ಸುಮ್ನಾಗ್ಬಿಡತ್ತೆ."

ಕೊಟ್ರಪ್ಪ ಕೋಲು ತೆಗೆದುಕೊಂಡು ಹೊರಟುಹೋದರು.

ಒಂದು ವಾರದಲ್ಲಿ ಹೊಸ ವೇಳಾಪಟ್ಟಿ ಬಂತು. ಚಿಕ್ಕ ತರಗತಿಗಳಿಗೆ ವಾರಕ್ಕೆ ಆರು ಪಿರಿಯಡ್ ಇದ್ದ ಬ್ರೈಲ್ ಎರಡಕ್ಕಿಳಿದಿತ್ತು. ಉಳಿದ ನಾಲ್ಕು ಕಂಪ್ಯೂಟರಿಗೆ. ಪಾಠಗಳನ್ನು ಕ್ಯಾಸೆಟ್ಟಿಗೆ ಓದಿ ತುಂಬಿಸುವ ಕೆಲಸ ನೀಲಗಂಗಮ್ಮನವರಿಗೆ ಬಂತು. ಕೊಟ್ರಪ್ಪ ಮುಖ್ಯೋಪಾಧ್ಯಾಯಿನಿ ಜಗದಾಂಬಾ ಅವರ ಕೋಣೆಗೆ ಹೋಗಿ ನಿಂತರು.

"ಕೂತ್ಕೊಳ್ಳಿ ಸಾರ್" ಎಂದರು ಜಗದಾಂಬಾ. "ನೀವು ಯಾಕೆ ಬಂದ್ರಿ ಅಂತ ನಂಗೊತ್ತು. ಕಂಪ್ಯೂಟರ್ ಕೊಟ್ಟೋರು ಬ್ರೈಲ್ ಯಾಕೆ, ಕಾಲ ಬದಲಾಗಿದೆ ಅಂತಾರೆ. ನಾನು ಅವರ ಮಾತಿಗೋಸ್ಕರ ಮಾಡಿಲ್ಲ. ನಮ್ಮಲ್ಲಿ ಓದಿದ ಹುಡುಗರು ಎಷ್ಟು ಜನ ಕುರ್ಚಿ ಹೆಣೀತಾ ಕೂತಿದಾರೆ ನೀವೇ ಹೇಳಿ. ಅವರಿಗೆಲ್ಲ ಬ್ರೈಲ್ ಬರತ್ತೆ."

ಕೊಟ್ರಪ್ಪ ಕೂರದೆ ಹಿಂದಿರುಗಿದರು. ಅದೇ ತಿಂಗಳು ಅವರ ಹಳೆಯ ಶಿಷ್ಯ ಹನುಮೇಶ ಶಾಲೆಗೆ ಬಂದ. ವಿಜಯನಗರದ ಮಾರುಕಟ್ಟೆಯ ಬಳಿ ಹನ್ನೊಂದು ವರ್ಷ ಎಸ್‌ಟಿಡಿ ಬೂತ್ ನಡೆಸಿದವನು. ಜನ ಸರದಿಯಲ್ಲಿ ನಿಂತು ಫೋನ್ ಮಾಡುತ್ತಿದ್ದ ಬೂತು. ಈಗ ಎಲ್ಲರ ಜೇಬಲ್ಲೂ ಮೊಬೈಲು. ಬೂತಿಗೆ ಬಾಗಿಲು ಹಾಕಿದ್ದ.

"ಕಂಪ್ಯೂಟರ್ ಕಲೀಬೇಕು ಸಾರ್, ನಿಮ್ಮ ಹುಡುಗರ ಜೊತೆ ಕೂತ್ಕೊಳ್ಳಲಾ?" ಎಂದು ಕೇಳಿದ. ಮೂವತ್ತರ ಗಂಡಸು ಆರನೇ ತರಗತಿಯ ಮಕ್ಕಳ ನಡುವೆ ಮೊಣಕಾಲು ಮಡಚಿ ಕೂತ. ಅವನು ಹಿಂಜರಿಯುತ್ತ ಒಂದೊಂದೇ ಕೀ ಒತ್ತುವ ಸದ್ದು ವರಾಂಡಕ್ಕೆ ಕೇಳಿಸುತ್ತಿತ್ತು. ಕೊಟ್ರಪ್ಪ ಅವತ್ತಿನಿಂದ ಕಂಪ್ಯೂಟರಿನ ಬಗ್ಗೆ ಕೆಟ್ಟ ಮಾತಾಡುವುದನ್ನು ಬಿಟ್ಟರು. ಆದರೆ ಆ ಕೋಣೆಗೆ ಕಾಲಿಡಲೂ ಇಲ್ಲ.

ವರ್ಷ ಒಂದೂವರೆ ಕಳೆಯಿತು. ಮಕ್ಕಳಿಗೆ ಇಂಗ್ಲಿಷ್ ಸಲೀಸಾಯಿತು. ಅದನ್ನು ಕೊಟ್ರಪ್ಪನವರೂ ಒಪ್ಪಿದರು. ಆದರೆ ಐದನೇ ತರಗತಿಯ ಅಕ್ಕವ್ವ ಎಂಬ ಚುರುಕು ಹುಡುಗಿ ಬ್ರೈಲ್ ಹಾಳೆಯಲ್ಲಿ 'ಭಾರತ'ವನ್ನು 'ಬಾರತ' ಎಂದು ಚುಚ್ಚಿದಳು, 'ಗಂಟೆ'ಯನ್ನು 'ಗಮ್ಟೆ' ಎಂದು. ಓದು ಎಂದು ಹಾಳೆ ಕೊಟ್ಟರೆ ಅವಳ ಬೆರಳು ಮೂರನೇ ಅಕ್ಷರದ ಮೇಲೇ ನಿಂತುಬಿಡುತ್ತಿತ್ತು.

"ಕ್ಯಾಸೆಟ್‌ನಲ್ಲಿ ಕೇಳಿದೀನಲ್ಲ ಸಾರ್, ಪೂರ್ತಿ ಬಾಯಿಗೆ ಬರತ್ತೆ. ಹೇಳ್ಲಾ?" ಎಂದಳು. ಹೇಳಿದಳು ಕೂಡ, ಒಂದು ಮಾತೂ ತಪ್ಪದೆ. ಆ ಮಾತುಗಳು ಹೇಗೆ ಹುಟ್ಟುತ್ತವೆ, ಯಾವ ಅಕ್ಷರದ ಪಕ್ಕ ಯಾವುದು ಕೂರುತ್ತದೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಹತ್ತನೇ ತರಗತಿಯ ಗುರುದೇವಿಯ ಕತೆ ಬೇರೆ. ಸಿಂಧನೂರಿನ ಕಡೆಯ ಹುಡುಗಿ. ಒಂಬತ್ತನೇ ವಯಸ್ಸಿನಲ್ಲಿ ದಡಾರ ಬಂದು ಕಣ್ಣು ಕಳೆದುಕೊಂಡವಳು. ಅಪ್ಪ ಗೂಳಪ್ಪ, ಅವ್ವ ಭಾಗವ್ವ ಇಬ್ಬರೂ ನಂದಿನಿ ಲೇಔಟಿನಲ್ಲಿ ಕಟ್ಟಡ ಕೆಲಸ ಮಾಡಿಕೊಂಡು ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದರು. ಶಾಲೆಗೆ ಬಂದಾಗ ಅವಳಿಗೆ ಹನ್ನೊಂದು. ಎರಡು ವರ್ಷ ಮೂಲೆಯಲ್ಲಿ ಕೂತಿದ್ದ ಹುಡುಗಿ ನಾಲ್ಕೇ ತಿಂಗಳಲ್ಲಿ ಬ್ರೈಲ್ ಕಲಿತು, ಕಪಾಟಿನ ಪುಸ್ತಕಗಳನ್ನೆಲ್ಲ ಒಂದೊಂದಾಗಿ ಮುಗಿಸಿದ್ದಳು. ಕೊಟ್ರಪ್ಪ ತಮ್ಮ ಅಷ್ಟು ವರ್ಷದ ಮೇಷ್ಟರಿಕೆಯಲ್ಲಿ ಅವಳಂತೆ ಕನ್ನಡ ಬರೆಯುವ ಮಗುವನ್ನು ಕಂಡಿರಲಿಲ್ಲ.

ಎರಡು ಸಾವಿರದ ಆರನೇ ಇಸವಿ ಜನವರಿಯಲ್ಲಿ ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ಕಣ್ಣಿಲ್ಲದ ಮಕ್ಕಳು ಉತ್ತರ ಹೇಳಬೇಕು, ಪಕ್ಕದಲ್ಲಿ ಕೂತ ಬೇರೆ ಶಾಲೆಯ ಒಂಬತ್ತನೇ ತರಗತಿಯ ಮಗು ಅದನ್ನು ಬರೆಯಬೇಕು. ಇದು ಎಷ್ಟೋ ಕಾಲದಿಂದ ನಡೆದುಬಂದ ಪದ್ಧತಿ. ಕನ್ನಡದಲ್ಲಿ ಗುರುದೇವಿಗೆ ನೂರಿಪ್ಪತ್ತೈದಕ್ಕೆ ಎಪ್ಪತ್ತೆರಡು ಬಂತು. ಕೊಟ್ರಪ್ಪನವರಿಗೆ ನಂಬಿಕೆಯಾಗಲಿಲ್ಲ. ಉತ್ತರಪತ್ರಿಕೆ ತರಿಸಿ, ನೀಲಗಂಗಮ್ಮನವರಿಂದ ಓದಿಸಿದರು. ಗುರುದೇವಿಯನ್ನೂ ಎದುರಿಗೆ ಕೂರಿಸಿಕೊಂಡರು.

"ನಿಮ್ಮ ಊರನ್ನು ವರ್ಣಿಸಿ ಗೆಳತಿಗೆ ಪತ್ರ" ಎಂದು ಪ್ರಶ್ನೆ ಓದಿ, ನೀಲಗಂಗಮ್ಮ ಉತ್ತರ ಓದಿದರು: "ನಮ್ಮ ಊರಿನಲ್ಲಿ ಒಂದು ಕೆರೆ ಇದೆ. ಅದು ತುಂಬಾ ಚೆನ್ನಾಗಿದೆ."

"ನೀನು ಹೀಗೇ ಹೇಳಿದ್ಯಾ?" ಎಂದು ಕೊಟ್ರಪ್ಪ ಕೇಳಿದರು.

"ಇಲ್ರೀ ಸರ. ನಮ್ಮೂರ ಕೆರೆಯ ಬಣ್ಣ ನನಗೆ ಒಂಬತ್ತು ವರ್ಷದವರೆಗಿನದು ನೆನಪಿದೆ, ಆಮೇಲಿನದು ಅದರ ಸಪ್ಪಳ ಮಾತ್ರ ನೆನಪಿದೆ ಅಂತ ಹೇಳಿದ್ದೆ."

ನೀಲಗಂಗಮ್ಮ ಹಾಳೆ ಕೆಳಗಿಟ್ಟ ಸದ್ದಾಯಿತು.

"ಬರೆದಾಕಿದು ತಪ್ಪಿಲ್ರೀ" ಎಂದಳು ಗುರುದೇವಿ. "ಆಕಿ ಓದೋದು ಇಂಗ್ಲಿಷ್ ಮೀಡಿಯಂ. ಕೈ ನೋಯ್ತದ, ಸಣ್ಣದು ಮಾಡಿ ಹೇಳು ಅಂದ್ಲು. ನಾ ಸಣ್ಣದು ಮಾಡಿದೆ. ಆಕಿ ಮತ್ತಷ್ಟು ಸಣ್ಣದು ಮಾಡ್ಯಾಳ."

ಕೊಟ್ರಪ್ಪ ಆ ದಿನ ಊಟಕ್ಕೆ ಹೋಗಲಿಲ್ಲ. ಇಷ್ಟು ವರ್ಷ ಎಷ್ಟು ಮಕ್ಕಳ ಮಾತು ಹೀಗೆ ಇನ್ನೊಬ್ಬರ ಕೈಯಲ್ಲಿ ಸಣ್ಣದಾಗಿ ಹೋಯಿತೋ ಎಂದು ಯೋಚಿಸುತ್ತ ಕೂತರು. ಅವರದೇ ಎಸ್ಸೆಸ್ಸೆಲ್ಸಿ ಉತ್ತರಗಳನ್ನು ಯಾರೋ ಬರೆದಿದ್ದರು. ಅವನ ಹೆಸರೂ ಈಗ ನೆನಪಿರಲಿಲ್ಲ. ಅವನು ಏನು ಬರೆದನೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಸಂಜೆ ನಾಲ್ಕಕ್ಕೆ ಅವರು ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಭೈರೇಶ, ಕನ್ನಡದಲ್ಲಿ ಟೈಪ್ ಮಾಡ್ಬಹುದು ಅಂದಿದ್ಯಲ್ಲ. ಗುರುದೇವಿಗೆ ಕಲಿಸೋಕಾಗತ್ತಾ?"

"ಕಷ್ಟ ಸಾರ್. ಇಂಗ್ಲಿಷಾದ್ರೆ ಅದು ಹೇಳ್ತಾ ಹೋಗತ್ತೆ. ಕನ್ನಡದಲ್ಲಿ ಏನೂ ಹೇಳಲ್ಲ. ತಪ್ಪು ಒತ್ತಿದ್ರೆ ಹೆಂಗೆ ಗೊತ್ತಾಗತ್ತೆ? ಏನು ಬರೆದ್ವಿ ಅಂತ ಗೊತ್ತಿಲ್ದೆ ಬರೆಯೋದು ಹೆಂಗೆ ಸಾರ್?"

ಕೊಟ್ರಪ್ಪ ಜುಬ್ಬದ ಜೇಬಿನಿಂದ ಬ್ರೈಲ್ ಸ್ಲೇಟನ್ನೂ ಮೊಳೆಯಂಥ ಕಡ್ಡಿಯನ್ನೂ ತೆಗೆದರು. ಹಾಳೆ ಸಿಕ್ಕಿಸಿ, ಬಲದಿಂದ ಎಡಕ್ಕೆ ಟಕಟಕನೆ ಚುಚ್ಚಿದರು.

"ನೋಡು. ನಾವು ಬರೆಯೋದು ಹಿಂದುಗಡೆಯಿಂದ, ಉಲ್ಟಾ. ಚುಕ್ಕಿ ಏಳೋದು ಆಚೆ ಬದಿಗೆ. ಹಾಳೆ ಬಿಚ್ಚಿ ತಿರುಗಿಸೋ ತನಕ ಏನು ಬರೆದ್ವಿ ಅಂತ ನಮಗೂ ಗೊತ್ತಾಗಲ್ಲ. ಆರು ವರ್ಷದ ಮಗುವಿನಿಂದ ಹಿಡಿದು ನಾವೆಲ್ಲ ಹೀಗೇ ಬರೆಯೋದು. ಕೈ ಮೇಲೆ ನಂಬಿಕೆ ಇಟ್ಟು."

ಭೈರೇಶ ಆ ಹಾಳೆಯನ್ನು ತಿರುಗಿಸಿ ನೋಡಿದ. ಆಮೇಲೆ ಕುರ್ಚಿ ಎಳೆದು, "ಬನ್ನಿ ಸಾರ್, ಕೂತ್ಕೊಳ್ಳಿ" ಎಂದ.

ಮೊದಲು ಕಲಿತವರು ಕೊಟ್ರಪ್ಪನವರೇ. ಭೈರೇಶನಿಗೆ ಕೀಗಳನ್ನು ನೋಡಿ ಒತ್ತಿ ಅಭ್ಯಾಸ. ಯಾವ ಬೆರಳು ಎಲ್ಲಿ ನಿಲ್ಲಬೇಕು, ಎಲ್ಲಿಗೆ ಚಾಚಬೇಕು ಎಂದು ಅವನಿಗೆ ಹೇಳಲು ಬರುತ್ತಿರಲಿಲ್ಲ. ಅದನ್ನು ಕೊಟ್ರಪ್ಪ ತಾವೇ ಹುಡುಕಿಕೊಂಡರು. ಐವತ್ತೈದರ ಬೆರಳುಗಳು ಮೊದಮೊದಲು ಮರದ ಕಡ್ಡಿಗಳಂತಾಡಿದವು. ಮೂರನೇ ದಿನ ಅವರಿಗೆ ಒಂದು ಸಂಗತಿ ತಿಳಿದು ಮೈ ಬೆಚ್ಚಗಾಯಿತು. ಬ್ರೈಲಿನಲ್ಲಿ 'ಕಿ' ಎಂದು ಬರೆಯಬೇಕಾದರೆ ಮೊದಲು 'ಕ', ಅದರ ಪಕ್ಕ 'ಇ'. ಕಣ್ಣಿರುವವರು ಕೊಂಬು, ಗುಡಿಸು, ಒತ್ತು ಎಂದು ಮೇಲೆ ಕೆಳಗೆ ಬರೆಯುವುದನ್ನೆಲ್ಲ ಬ್ರೈಲು ಒಂದೇ ಸಾಲಿನಲ್ಲಿ, ಬಿಡಿಬಿಡಿಯಾಗಿ ಕೂರಿಸುತ್ತದೆ. ಈ ಕೀಬೋರ್ಡಿನಲ್ಲೂ ಹಾಗೇ. ಮೊದಲು 'ಕ', ಆಮೇಲೆ 'ಇ'. ಉಳಿದದ್ದನ್ನು ಯಂತ್ರ ಜೋಡಿಸಿಕೊಳ್ಳುತ್ತದೆ.

"ಬ್ರೈಲ್ ಬರೋರಿಗೆ ಇದು ಹೊಸದಲ್ಲ ಕಣೋ ಭೈರೇಶ" ಎಂದರು.

ತೊಡಕಾದದ್ದು ಒತ್ತಕ್ಷರದಲ್ಲಿ. ಬ್ರೈಲಿನಲ್ಲಿ ಒತ್ತಿನ ಗುರುತು ಅಕ್ಷರಕ್ಕಿಂತ ಮುಂಚೆ ಬರುತ್ತದೆ, ಇಲ್ಲಿ ಎರಡು ಅಕ್ಷರಗಳ ನಡುವೆ. ಗುರುದೇವಿಯ ಬೆರಳು ಐದು ವರ್ಷದ ರೂಢಿಯಂತೆ ಮೊದಲೇ ಹೋಗಿ ಒತ್ತಿಬಿಡುತ್ತಿತ್ತು. ಅವಳು ಟೈಪ್ ಮಾಡಿದ ಮೊದಲ ಪುಟವನ್ನು ಓದಲಾಗದೆ ನೀಲಗಂಗಮ್ಮ ಪೇಚಾಡಿದರು. ಒಂದು ವಾರ ಅವಳಿಗೆ ಬೇರೇನೂ ಮಾಡಿಸದೆ ಕೊಟ್ರಪ್ಪ ಅಕ್ಕ, ಅಪ್ಪ, ಕಷ್ಟ, ಶಾಸ್ತ್ರ ಇಂಥವನ್ನೇ ಒತ್ತಿಸಿದರು. ದಿನಾ ಸಂಜೆ ಭೈರೇಶ ಪ್ರಿಂಟ್ ತೆಗೆಯುವನು, ನೀಲಗಂಗಮ್ಮ ಇದ್ದದ್ದು ಇದ್ದ ಹಾಗೆ, ತಪ್ಪನ್ನೂ ತಪ್ಪಾಗಿಯೇ ಓದುವರು. ಫೆಬ್ರುವರಿ ಕಡೆಯ ಹೊತ್ತಿಗೆ ಒಂದು ಪುಟಕ್ಕೆ ಎರಡೋ ಮೂರೋ ತಪ್ಪಿಗೆ ಬಂದು ನಿಂತಿತು.

"ಪ್ರತಿ ವಾಕ್ಯ ಮುಗಿದ ಮೇಲೂ ಸೇವ್ ಮಾಡು" ಎಂದು ಭೈರೇಶ ಅವಳ ಎಡಗೈ ಬೆರಳುಗಳನ್ನು, ಬರೆದದ್ದನ್ನು ಉಳಿಸುವ ಎರಡು ಕೀಗಳ ಮೇಲಿಟ್ಟು ರೂಢಿ ಮಾಡಿಸಿದ. "ಉಸಿರಾಡಿದ ಹಾಗೆ ಆಗ್ಬೇಕು ನೋಡು."

ಉಳಿದದ್ದು ಅನುಮತಿ. ಜಗದಾಂಬಾ ಮೊದಲು ಒಪ್ಪಲಿಲ್ಲ.

"ಸಾರ್, ಬರೆಯೋ ಹುಡುಗೀನ ಬದಲಾಯಿಸೋಣ. ಚೆನ್ನಾಗಿ ಕನ್ನಡ ಬರೋಳನ್ನ ಹುಡುಕೋಣ. ಗುರುದೇವಿಗೆ ಡಿಸ್ಟಿಂಕ್ಷನ್ ಖಂಡಿತ ಬರತ್ತೆ. ಡಿಸ್ಟಿಂಕ್ಷನ್ ಬಂದ್ರೆ ವಿಜಯನಗರದ ಕಾಲೇಜ್ ಹಾಸ್ಟೆಲ್‌ನಲ್ಲಿ ಅವಳಿಗೆ ಜಾಗ ಸಿಗತ್ತೆ, ಮಾತಾಡಿ ಇಟ್ಟಿದೀನಿ. ಈ ಮಿಷನ್ ಕೈ ಕೊಟ್ರೆ? ಮಗುವಿನ ಭವಿಷ್ಯ ಸಾರ್."

"ಮಗೂನೇ ಕೇಳೋಣ" ಎಂದರು ಕೊಟ್ರಪ್ಪ.

ಭಾನುವಾರ ಗೂಳಪ್ಪ ಮಗಳನ್ನು ನೋಡಲು ಬಂದಿದ್ದ. ಮೈಯಿಂದ ಸಿಮೆಂಟಿನ ವಾಸನೆ ಬರುತ್ತಿತ್ತು. ಎಲ್ಲವನ್ನೂ ಕೇಳಿಸಿಕೊಂಡು, "ನಾ ಏನ್ ಹೇಳ್ಲಿ ಸರ, ನನಗ ಸಹಿ ಮಾಡಾಕೂ ಬರಂಗಿಲ್ಲ. ನೀವು ಹ್ಯಾಂಗ ಹೇಳ್ತೀರಿ ಹಾಂಗ" ಎಂದ.

"ನೀನು ಹೇಳಮ್ಮ" ಎಂದರು ಜಗದಾಂಬಾ.

"ನಾನ ಬರೀತೀನ್ರಿ" ಎಂದಳು ಗುರುದೇವಿ.

ಜಗದಾಂಬಾ ಮತ್ತು ಕೊಟ್ರಪ್ಪ ಇಬ್ಬರೂ ಬಸ್ಸು ಹತ್ತಿ ಪರೀಕ್ಷಾ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ಸಾವಧಾನದಿಂದ ಕೇಳಿದರು. ಇಂಥ ಅರ್ಜಿ ತಾವು ನೋಡಿದ್ದು ಇದೇ ಮೊದಲು ಎಂದರು. ಕನ್ನಡ ಪತ್ರಿಕೆಗೆ ಮಾತ್ರ ಅನುಮತಿ ಸಿಕ್ಕಿತು. ಯಂತ್ರದಲ್ಲಿ ಬೇರೇನೂ ಇಲ್ಲವೆಂದು ಕೇಂದ್ರದವರು ಪರೀಕ್ಷಿಸಬೇಕು, ಯಂತ್ರ ಕೆಟ್ಟರೆ ಇರಲೆಂದು ಬರೆಯುವ ಹುಡುಗಿಯೊಬ್ಬಳು ಪಕ್ಕದಲ್ಲಿರಬೇಕು, ಬರೆದದ್ದನ್ನು ಕೇಂದ್ರದವರೇ ಪ್ರಿಂಟ್ ತೆಗೆದು ಮೌಲ್ಯಮಾಪನಕ್ಕೆ ಕಳಿಸಬೇಕು, ಕಣ್ಣಿಲ್ಲದ ಎಲ್ಲ ಮಕ್ಕಳಿಗೆ ಕೊಡುವಂತೆ ಒಂದು ಗಂಟೆ ಹೆಚ್ಚು ಸಮಯ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚಿಲ್ಲ.

ಪರೀಕ್ಷೆಯ ದಿನ ಭೈರೇಶ ಯಂತ್ರವನ್ನೂ ಯುಪಿಎಸ್ಸನ್ನೂ ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಕೇಂದ್ರಕ್ಕೆ ತಂದ. ಹತ್ತೂವರೆಗೆ ಗಂಟೆ ಹೊಡೆಯಿತು. ಗುರುದೇವಿಗೆ ಕೊಟ್ಟ ಪ್ರತ್ಯೇಕ ಕೋಣೆಯ ಕಿಟಕಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಹೊಂಗೆ ಮರದ ಕಟ್ಟೆಯ ಮೇಲೆ ಕೊಟ್ರಪ್ಪ ಕೂತರು. ಪಕ್ಕದಲ್ಲಿ ಭೈರೇಶ.

ಕೀಗಳ ಸದ್ದು ಕೇಳಿಸುತ್ತಿತ್ತು. ಮೇಲ್ವಿಚಾರಕಿ ಪ್ರಶ್ನೆ ಓದಿ ಹೇಳುವುದು, ಒಂದಿಷ್ಟು ಮೌನ, ಆಮೇಲೆ ಸೋನೆ ಮಳೆಯಂತೆ ಒಂದೇ ಸಮನೆ ಸದ್ದು. ಎಲ್ಲಿ ವಾಕ್ಯ ಮುಗಿಯಿತು, ಎಲ್ಲಿ ಯೋಚಿಸಿದಳು ಎಂಬುದು ಕೊಟ್ರಪ್ಪನವರಿಗೆ ಗೊತ್ತಾಗುತ್ತಿತ್ತು.

"ಚೆನ್ನಾಗಿ ಹೋಗ್ತಾ ಇದಾಳೆ" ಎಂದರು.

ಹನ್ನೆರಡೂ ಕಾಲಿಗೆ ಕರೆಂಟು ಹೋಯಿತು. ಕೋಣೆಯೊಳಗೆ ಯುಪಿಎಸ್ ಬೀಪ್ ಬೀಪ್ ಎಂದು ಕೂಗಲು ಶುರು ಮಾಡಿತು. ಭೈರೇಶ ಎದ್ದು ನಿಂತ. "ಇಪ್ಪತ್ತು ನಿಮಿಷ ತಡೆಯತ್ತೆ ಸಾರ್, ಅಷ್ಟರೊಳಗೆ ಬರತ್ತೆ." ಒಳಗೆ ಕೀಗಳ ಸದ್ದು ಬಿರುಸಾಯಿತು. ಇಪ್ಪತ್ತು ನಿಮಿಷ ಕಳೆಯಿತು, ಕರೆಂಟು ಬರಲಿಲ್ಲ. ಬೀಪ್ ಸದ್ದು ಒಂದು ಉದ್ದನೆಯ ಕೂಗಾಗಿ ನಿಂತುಹೋಯಿತು. ಯಂತ್ರದ ಫ್ಯಾನು ನಿಂತಿತು. ಕೀಗಳ ಸದ್ದೂ ನಿಂತಿತು.

ಮೇಲ್ವಿಚಾರಕಿಯ ದನಿ ಕಿಟಕಿಯಿಂದ ಕೇಳಿಸಿತು: "ಆಫ್ ಆಯ್ತಮ್ಮ. ಈ ಹುಡುಗಿ ಇದಾಳಲ್ಲ, ಉಳಿದದ್ದು ಇವಳಿಗೆ ಹೇಳು, ಬರೀತಾಳೆ."

"ಬರೆದಿದ್ದು ಉಳಿದಿರ್ತದ್ರೀ. ಕರೆಂಟ್ ಬರೋತನ ಕಾಯ್ತೀನ್ರಿ" ಎಂದಳು ಗುರುದೇವಿ.

"ಬರದೇ ಹೋದ್ರೆ?"

ಗುರುದೇವಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ ಸದ್ದಾಯಿತು.

ಮಧ್ಯಾಹ್ನ ಒಂದು ಗಂಟೆಯಾಯಿತು. ಉಳಿದ ಕೋಣೆಗಳಿಂದ ಮಕ್ಕಳು ಹೇಳುವ, ಬರೆಯುವವರು ಇನ್ನೊಮ್ಮೆ ಕೇಳುವ ಗುಜುಗುಜು ಬರುತ್ತಲೇ ಇತ್ತು. ಒಳಗೆ ಹೋಗಿ, 'ಸಾಕು ಮಗಳೇ, ಹೇಳಿ ಬರೆಸು' ಎಂದು ಬಿಡಬೇಕೆನಿಸಿ ಕೊಟ್ರಪ್ಪ ಎರಡು ಸಲ ಎದ್ದರು. ಒಳಗೆ ಬಿಡುವಂತಿರಲಿಲ್ಲ. ಹೋಗಿ ಮಾತಾಡಿದರೆ ನಕಲು ಎಂದು ಅವಳ ಪರೀಕ್ಷೆಯೇ ರದ್ದಾಗುತ್ತಿತ್ತು. ಇದು ಯಾರ ಹಟ? ಅವಳದೋ, ನನ್ನದೋ? ಹದಿನಾರು ವರ್ಷದ ಮಗು ಮೇಷ್ಟರ ಮನಸ್ಸು ಅರಿತು 'ನಾನ ಬರೀತೀನಿ' ಅಂದಿರಬಹುದಲ್ಲ? ಜಗದಾಂಬಾ ಎಚ್ಚರಿಸಿದ್ದರು. ಆ ಮಾತು ಕಿವಿಯಲ್ಲಿ ಕೂತುಬಿಟ್ಟಿತು.

ಆಗ ಒಂದು ಸಣ್ಣ ಸದ್ದು ಕೇಳಿಸಿತು. ಕಿವಿ ಚುರುಕಾಗಿಸಿದರು. ಕೀಗಳ ಸದ್ದು, ಆದರೆ ಬಹಳ ಮೆಲ್ಲಗೆ.

"ಕರೆಂಟ್ ಬಂತಾ?"

"ಇಲ್ವಲ್ಲ ಸಾರ್."

ಗುರುದೇವಿ ನಿಂತುಹೋದ ಯಂತ್ರದ ಮೇಲೆಯೇ ಬೆರಳಾಡಿಸುತ್ತಿದ್ದಳು. ಉಳಿದ ಉತ್ತರಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು, ಕರೆಂಟು ಬಂದ ಕೂಡಲೇ ತಡವರಿಸದೆ ಬರೆಯಲೆಂದು ಬೆರಳಿಗೆ ಕಲಿಸುತ್ತಿದ್ದಳು. ಕೊಟ್ರಪ್ಪ ತಲೆ ತಗ್ಗಿಸಿ ಕೂತುಬಿಟ್ಟರು. ಭೈರೇಶ ಅವರ ಕೈ ಹಿಡಿದುಕೊಂಡ.

ಎರಡು ಗಂಟೆ ಐದು ನಿಮಿಷಕ್ಕೆ ಕರೆಂಟು ಬಂತು. ಯಂತ್ರ ಎಚ್ಚರಗೊಳ್ಳಲು ಮೂರ್ನಾಲ್ಕು ನಿಮಿಷ ಹಿಡಿಯಿತು. ಮೇಲ್ವಿಚಾರಕಿ ತೆರೆ ನೋಡಿ, "ಎಲ್ಲಾ ಇದೆಯಮ್ಮ, ಕೊನೇ ವಾಕ್ಯ ಅರ್ಧಕ್ಕೆ ನಿಂತಿದೆ ಅಷ್ಟೆ" ಎಂದರು. ಉಳಿದ ಇಪ್ಪತ್ತೊಂದು ನಿಮಿಷ ಗುರುದೇವಿ ಬರೆದದ್ದನ್ನು ಕೊಟ್ರಪ್ಪ ಮರೆಯಲಾರರು. ಸೋನೆಯಲ್ಲ, ತಗಡಿನ ಮೇಲೆ ಬೀಳುವ ಜಡಿಮಳೆ. ಎರಡೂವರೆಗೆ ಗಂಟೆ ಹೊಡೆದಾಗ ಪ್ರಬಂಧ ನಾಲ್ಕು ಸಾಲಿಗೆ ನಿಂತಿತ್ತು. ಒಂದು ಪದ್ಯದ ಸಾರಾಂಶ ಬರೆಯದೆಯೇ ಉಳಿಯಿತು.

ಹೊರಗೆ ಬಂದ ಗುರುದೇವಿಯ ಬೆರಳುಗಳನ್ನು ಕೊಟ್ರಪ್ಪ ತಮ್ಮ ಅಂಗೈಯಲ್ಲಿ ಹಿಡಿದರು. ಅವು ತಣ್ಣಗಿದ್ದವು.

"ತಪ್ಪು ಮಾಡಿದೆ ಕಣಮ್ಮ ನಾನು" ಎಂದರು.

"ಹಸಿವು ಆಗ್ಯದ್ರೀ ಸರ" ಎಂದಳು ಗುರುದೇವಿ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಕನ್ನಡದಲ್ಲಿ ನೂರಿಪ್ಪತ್ತೈದಕ್ಕೆ ನೂರಾ ಒಂದು. ಒಟ್ಟು ಪ್ರಥಮ ದರ್ಜೆ. ಡಿಸ್ಟಿಂಕ್ಷನ್ ಏಳು ಅಂಕಕ್ಕೆ ತಪ್ಪಿತ್ತು. ವಿಜಯನಗರದ ಹಾಸ್ಟೆಲಿನ ಜಾಗ ಬೇರೆಯವರ ಪಾಲಾಯಿತು. ಜಗದಾಂಬಾ ಓಡಾಡಿ ಅದೇ ಕಾಲೇಜಿನಲ್ಲಿ ಸೀಟು ಮಾತ್ರ ಕೊಡಿಸಿದರು. ಗುರುದೇವಿ ನಂದಿನಿ ಲೇಔಟಿನ ಶೆಡ್ಡಿನಿಂದಲೇ ದಿನಾ ಬಸ್ಸು ಬದಲಾಯಿಸಿಕೊಂಡು ಹೋಗಿ ಬರಬೇಕು. ಆ ಕಟ್ಟಡದ ಕೆಲಸ ಮುಗಿದು ಅಪ್ಪ ಅವ್ವ ಬೇರೆ ಕಡೆ ಹೋದರೆ ಏನು ಎಂದು ಯಾರಿಗೂ ಗೊತ್ತಿರಲಿಲ್ಲ.

ಕೊಟ್ರಪ್ಪ ಜಗದಾಂಬಾ ಅವರ ಕೋಣೆಗೆ ಹೋಗಿ, "ನೀವು ಹೇಳಿದ್ದು ಸರಿ ಇತ್ತು ಮೇಡಂ. ಹಾಸ್ಟೆಲ್ ತಪ್ಪಿಸಿದೋನು ನಾನೇ" ಎಂದರು.

"ನಾನೂ ಸಹಿ ಹಾಕಿದೀನಲ್ಲ ಸಾರ್" ಎಂದರು ಜಗದಾಂಬಾ. "ಉಳಿದ ಮಕ್ಕಳಿಗೂ ಈಗಿಂದಲೇ ಕನ್ನಡ ಟೈಪ್ ಕಲಿಸೋಣ ಅಂತ ಭೈರೇಶ್ ಆರು ಜನರನ್ನ ಕೂರಿಸಿದ್ದ. ದೊಡ್ಡೋರು ಮೂರು ಜನಕ್ಕೆ ಬಂತು. ಚಿಕ್ಕೋರು ಮೂರು ಜನಕ್ಕೆ ಬರ್ತಾನೇ ಇಲ್ಲ. ಅಕ್ಷರ ಗೊತ್ತಿಲ್ದೆ ಏನು ಒತ್ತಲಿ ಅಂತಾವೆ. ಅವರೆಲ್ಲ ನಾನು ಬ್ರೈಲ್ ಕಡಿಮೆ ಮಾಡಿದ ಮೇಲೆ ಬಂದೋರು." ಕಾಗದ ಸರಿಸಿದ ಸದ್ದಾಯಿತು. "ಜೂನಿಂದ ಐದು ಪಿರಿಯಡ್ ಬ್ರೈಲ್. ಕಂಪ್ಯೂಟರಿಗೆ ಸಂಜೆ ಹೊತ್ತು ಸೇರಿಸ್ತೀನಿ. ನಿಮ್ಮ ಪುಸ್ತಕಗಳಿಗೆ ಊಟದ ಮನೆ ಪಕ್ಕದ ಕೋಣೆ ಖಾಲಿ ಮಾಡಿಸ್ತೀನಿ."

ಕೊಟ್ರಪ್ಪ ಕೈ ಮುಗಿದರು. ಆದರೆ ಎದೆಯ ಭಾರ ಇಳಿಯಲಿಲ್ಲ.

ಗುರುದೇವಿ ಶಾಲೆ ಬಿಡುವ ದಿನ ಅಪ್ಪನ ಜೊತೆ ಅವರ ಬಳಿ ಬಂದಳು. ಗೂಳಪ್ಪ ಅವಳ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡೇ ಬಾಗಿಲಲ್ಲಿ ನಿಂತ. ಕೊಟ್ರಪ್ಪ ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದರು.

"ನಿಜ ಹೇಳಮ್ಮ. ಅವತ್ತು ಬರೀತೀನಿ ಅಂದಿದ್ದು ನನಗೋಸ್ಕರಾನಾ?"

ಗುರುದೇವಿ ಯೋಚಿಸಿದಳು. "ಮೊದಲು ನಿಮಗೋಸ್ಕರ ಅಂದಿದ್ದು ಖರೆ ಅದರೀ ಸರ. ಕರೆಂಟ್ ಹೋದಾಗ ಅಲ್ರಿ. ಆಗ ಕಾದಿದ್ದು ನನಗೋಸ್ಕರ."

"ಅಷ್ಟು ಕಷ್ಟಪಟ್ಟು ಬರೆದದ್ದನ್ನ ನೀನೂ ಓದೋ ಹಾಗಿಲ್ಲ, ನಾನೂ ಓದೋ ಹಾಗಿಲ್ಲ."

"ಹೌದ್ರಿ. ಆದ್ರ ಪೇಪರ್ ತಿದ್ದೋರು ಯಾರೋ ಒಬ್ರು ಕುಂತು ಓದ್ಯಾರಲ್ರೀ. ನಾ ಯಾರು ಅಂತ ಅವರಿಗೆ ಗೊತ್ತಿಲ್ಲ, ಅವರು ಯಾರು ಅಂತ ನನಗ ಗೊತ್ತಿಲ್ಲ. ನಡುವ ಯಾರೂ ಇರಲಿಲ್ರೀ."

ಅವಳು ಬಗ್ಗಿ ಅವರ ಕಾಲು ಮುಟ್ಟಿದಳು. ಕೊಟ್ರಪ್ಪ ಅವಳ ತಲೆಯ ಮೇಲೆ ಕೈಯಿಟ್ಟರು. "ಮೂರೂ ಹತ್ತರ ಬಸ್ಸು ಹೋಗ್ತದ, ನಡಿಯವ್ವ" ಎಂದ ಗೂಳಪ್ಪ. ಅಪ್ಪನ ತೋಳು ಹಿಡಿದು ಗುರುದೇವಿ ಮೆಟ್ಟಿಲು ಇಳಿದಳು. ಇಬ್ಬರ ಹೆಜ್ಜೆಗಳು ಗೇಟು ದಾಟಿ, ರೈಲು ಹಳಿಯ ಪಕ್ಕದ ಜಲ್ಲಿಯ ಮೇಲೆ ಸಾಗಿ, ಕಿವಿಗೆ ಸಿಗದಷ್ಟು ದೂರವಾಗುವವರೆಗೂ ಕೊಟ್ರಪ್ಪ ಬಾಗಿಲಲ್ಲೇ ನಿಂತಿದ್ದರು.